ಬೆಳಕು ಕಣ್ಣಿಗೆ ಬರುತ್ತದೆಯೆಂದು ಇಬ್ನ್ ಅಲ್-ಹೈಥಮ್ ತೋರಿಸಿದ್ದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆ ಎಂಬ ಹಳೆಯ ಅಭಿಪ್ರಾಯವನ್ನು, ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ವಿಜ್ಞಾನಿ ಇಬ್ನ್ ಅಲ್-ಹೈಥಮ್ ಅಲ್ಲಗಳೆದರೆಂದು ಕಳೆದ ವಾರ ತರಗತಿಯಲ್ಲಿ ಹೇಳಿದೆ. ಆಗ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಎದುರಿನ ಗೋಡೆಯ ಒಂದೊಂದು ಚುಕ್ಕೆಯಿಂದಲೂ ಬೆಳಕು ಬಂದು ಕಣ್ಣಿನ ತುಂಬ ಬೀಳುವುದಾದರೆ ಎಲ್ಲವೂ ಕಲಸಿಹೋಗಬೇಕಲ್ಲವೇ?" ಎಂದು ಕೇಳಿದಳು. ಮಸೂರದ ಚಿತ್ರ ಬರೆದು ಇಂದಿನ ಉತ್ತರವನ್ನು ಕೊಟ್ಟೆ. ಆದರೆ ಕಣ್ಣಿನ ಮಸೂರ ಬಿಂಬ ಮೂಡಿಸುತ್ತದೆಯೆಂದು ಯಾರಿಗೂ ತಿಳಿಯದಿದ್ದ ಆ ಕಾಲದಲ್ಲಿ ಅವರು ಇದಕ್ಕೆ ಏನು ಹೇಳಿದರು? ಅವರನ್ನು ವೈಜ್ಞಾನಿಕ ವಿಧಾನದ ಜನಕ ಎನ್ನುವುದು ಸರಿಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ತುಮಕೂರಿನ ನಿವೃತ್ತ ಉಪನ್ಯಾಸಕ

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಅಭಿನಂದನೆ ತಿಳಿಸಿ. ಬೆಳಕು ಮತ್ತು ನೋಟವನ್ನು ಕುರಿತ ಏಳು ಭಾಗಗಳ 'ಕಿತಾಬ್ ಅಲ್-ಮನಾಝಿರ್' ಗ್ರಂಥದಲ್ಲಿ ಅವರಿಗೆ ಎದುರಾದ ಅತಿ ಕಠಿಣ ಪ್ರಶ್ನೆಯೇ ಇದು.

ಪ್ರಾಚೀನ ಗ್ರೀಕ್ ವಿದ್ವಾಂಸರಾದ ಯೂಕ್ಲಿಡ್ ಮತ್ತು ಟಾಲೆಮಿ ಕಿರಣ ಕಣ್ಣಿನಿಂದ ಹೊರಡುತ್ತದೆ ಎಂದಿದ್ದರು. ನಮ್ಮ ನ್ಯಾಯದರ್ಶನದವರ ಮತವೂ ಹೆಚ್ಚುಕಡಿಮೆ ಅದೇ ಆಗಿತ್ತು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ, ಪ್ರಖರವಾದುದನ್ನು ನೋಡಿ ಕಣ್ಣು ಹೊರಳಿಸಿದ ಮೇಲೂ ಅದರ ಛಾಯೆ ಸ್ವಲ್ಪ ಹೊತ್ತು ಉಳಿಯುತ್ತದೆ; ಆದ್ದರಿಂದ ಬೆಳಕೇ ಕಣ್ಣಿನ ಮೇಲೆ ಪರಿಣಾಮ ಮಾಡುತ್ತದೆ ಎಂದು ಇಬ್ನ್ ಅಲ್-ಹೈಥಮ್ ವಾದಿಸಿದರು. ಕಣ್ಣಿನಿಂದ ಏನೋ ಹೊರಟಿತೆಂದು ಒಪ್ಪಿದರೂ, ವಸ್ತುವಿನ ಕಡೆಯಿಂದ ಏನಾದರೂ ಮರಳಿ ಬಾರದೆ ಕಾಣಲಾರದು. ಮರಳಿ ಬರುವುದೇ ಸಾಕಾದಾಗ ಹೊರಡುವ ಕಿರಣದ ಅಗತ್ಯವೇನು?

ಇನ್ನು ಕಲಸಿಹೋಗುವ ಪ್ರಶ್ನೆ. ಒಂದು ಚುಕ್ಕೆಯಿಂದ ಹೊರಟ ಕಿರಣಗಳಲ್ಲಿ ಕಣ್ಣಿನ ಮೇಲ್ಮೈಗೆ ಲಂಬವಾಗಿ ಬೀಳುವುದು ಒಂದೇ ಒಂದು. ಅದು ಬಾಗದೆ ನೇರವಾಗಿ ಒಳಹೋಗುತ್ತದೆ, ಓರೆಯಾಗಿ ಬಿದ್ದವು ಬಾಗಿ ಬಲ ಕಳೆದುಕೊಳ್ಳುತ್ತವೆ ಎಂದರು. ತೆಳುವಾದ ಹಲಗೆಗೆ ನೇರವಾಗಿ ಎಸೆದ ಗುಂಡು ಅದನ್ನು ಒಡೆದುಕೊಂಡು ಹೋಗುತ್ತದೆ, ಓರೆಯಾಗಿ ಎಸೆದದ್ದು ಜಾರಿಹೋಗುತ್ತದೆ ಎಂಬುದು ಅವರ ಹೋಲಿಕೆ. ಹೀಗೆ ಹೊರಗಿನ ಒಂದು ಚುಕ್ಕೆಗೆ ಕಣ್ಣಿನೊಳಗೆ ಒಂದೇ ಚುಕ್ಕೆ ದೊರೆತು, ವಸ್ತುವಿನ ಕ್ರಮ ಕೆಡದೆ ಉಳಿಯುತ್ತದೆ.

ಉತ್ತರ ತಪ್ಪಾಗಿತ್ತು, ಏಕೆಂದರೆ ಓರೆ ಕಿರಣಗಳೂ ಕೆಲಸಕ್ಕೆ ಬರುತ್ತವೆ. ಮಸೂರ ಅವನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಒಂದೆಡೆ ಕೂಡಿಸುತ್ತದೆ. ನೋಟದ ಅನುಭವ ಮಸೂರದಲ್ಲೇ ಆಗುತ್ತದೆಂದು ಅವರು ನಂಬಿದ್ದರು. ಇದನ್ನು ಖಗೋಳ ವಿಜ್ಞಾನಿ ಕೆಪ್ಲರ್ 1604ರಲ್ಲಿ ತಿದ್ದಿದರು. ಆದರೆ ಚುಕ್ಕೆಗೆ ಚುಕ್ಕೆ ಹೊಂದಬೇಕು ಎಂಬ ಷರತ್ತನ್ನು ಅಷ್ಟು ಸ್ಪಷ್ಟವಾಗಿ ಮುಂದಿಟ್ಟವರು ಇಬ್ನ್ ಅಲ್-ಹೈಥಮ್, ಮತ್ತು ಕೆಪ್ಲರ್ ಪೂರೈಸಿದ್ದು ಆ ಷರತ್ತನ್ನೇ. ನನಗೆ ಅವರ ಅತಿ ದೊಡ್ಡ ಕೊಡುಗೆಯಾಗಿ ಕಾಣುವುದು ಇದು.

ಉತ್ತರ: ಕೋಲಾರದ ಓದುಗ

ಸರ್ ಹೇಳಿದ್ದಕ್ಕೆ ಒಂದು ಪ್ರಯೋಗವನ್ನು ಸೇರಿಸುತ್ತೇನೆ. ಹಲವು ದೀಪಗಳನ್ನು ಬೇರೆಬೇರೆ ಜಾಗದಲ್ಲಿಟ್ಟು, ಎದುರಿನ ಸಣ್ಣ ಕಿಂಡಿಯ ಮೂಲಕ ಬೆಳಕು ಕತ್ತಲೆ ಕೋಣೆಯೊಳಗೆ ಬೀಳುವಂತೆ ಇಬ್ನ್ ಅಲ್-ಹೈಥಮ್ ಮಾಡಿದರು. ಒಳಗೆ ದೀಪಕ್ಕೊಂದರಂತೆ ಬೆಳಕಿನ ಮಚ್ಚೆಗಳು ಮೂಡಿದವು. ಒಂದು ದೀಪವನ್ನು ಮರೆಮಾಡಿದರೆ ಅದರ ಮಚ್ಚೆ ಮಾತ್ರ ಮಾಯವಾಯಿತು, ಮರೆ ತೆಗೆದರೆ ಅದೇ ಜಾಗದಲ್ಲಿ ಮರಳಿ ಕಾಣಿಸಿತು. ಎಲ್ಲ ಬೆಳಕೂ ಒಂದೇ ಕಿಂಡಿಯಲ್ಲಿ ಹಾದುಬಂದರೂ ಒಂದರೊಡನೊಂದು ಬೆರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಗ್ರಹಣಕಾಲದ ಬಿಂಬದ ಬಗ್ಗೆಯೂ ಅವರದೊಂದು ಪ್ರತ್ಯೇಕ ಬರಹವಿದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣದ ಹೊತ್ತಿನಲ್ಲಿ, ನಮ್ಮ ಮನೆಯ ಮುಂದಿನ ಹೊಂಗೆ ಮರದ ನೆರಳಿನಲ್ಲಿ ಎಲೆಗಳ ನಡುವಿನ ಕಿಂಡಿಗಳಿಂದ ನೂರಾರು ಪುಟ್ಟ ಕುಡುಗೋಲುಗಳು ಚೆಲ್ಲಿದಂತೆ ಬೆಳಕು ಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಿಂಡಿ ಕಿರಿದಾಗಿದ್ದರೆ ಮಾತ್ರ ಆ ಆಕಾರ ಕಾಣುತ್ತದೆ, ಅಗಲವಾದರೆ ಅಳಿಸಿಹೋಗುತ್ತದೆ; ಹೀಗೇಕೆ ಎಂಬುದನ್ನು ಅವರು ರೇಖಾಗಣಿತದಿಂದ ವಿವರಿಸಿದ್ದಾರೆ.

ಉತ್ತರ: ತುಮಕೂರಿನ ನಿವೃತ್ತ ಉಪನ್ಯಾಸಕ

ಒಂದು ತಿದ್ದುಪಡಿ. ದೀಪದ ಪ್ರಯೋಗ ಹಾದಿಯಲ್ಲಿ ಬೆಳಕುಗಳು ಬೆರೆಯುವುದಿಲ್ಲವೆಂದು ತೋರಿಸುತ್ತದೆಯೇ ಹೊರತು, ಕಣ್ಣಿನ ಒಂದೇ ಜಾಗದಲ್ಲಿ ಹಲವು ಚುಕ್ಕೆಗಳ ಬೆಳಕು ಬಿದ್ದಾಗ ಏನಾಗುತ್ತದೆಂಬುದನ್ನು ಬಿಡಿಸುವುದಿಲ್ಲ. ಇವೆರಡನ್ನೂ ಮಕ್ಕಳಿಗೆ ಬೇರೆಬೇರೆಯಾಗಿಯೇ ಹೇಳಬೇಕು.

'ಜನಕ' ಎಂಬ ಪದವನ್ನು ನಾನು ಬಳಸುವುದಿಲ್ಲ. ಅವರಿಗಿಂತ ಮೊದಲೇ ಟಾಲೆಮಿ ವಕ್ರೀಭವನದ (ಬೆಳಕು ಬಾಗುವ) ಕೋನಗಳನ್ನು ಉಪಕರಣದಿಂದ ಅಳೆದಿದ್ದರು. ಆದರೆ 'ಇಅ್‌ತಿಬಾರ್' (ಪರೀಕ್ಷಿಸಿ ನೋಡುವುದು) ಎಂದು ಹೆಸರಿಟ್ಟು, ಬೇರೆಯವರೂ ಮಾಡಿ ನೋಡುವಂತೆ ಅಳತೆ ಸಹಿತ ಪರೀಕ್ಷೆಗಳನ್ನು ವಿವರಿಸಿ, ಅವನ್ನು ಗಣಿತದೊಡನೆ ಹೆಣೆದದ್ದು ಅವರ ಹೆಚ್ಚುಗಾರಿಕೆ. ಟಾಲೆಮಿಯ ಕುರಿತ ಸಂದೇಹಗಳ ಗ್ರಂಥದಲ್ಲಿ, ಹಿರಿಯರ ಬರಹವನ್ನು ಓದುವವನು ಅದನ್ನು ಎಲ್ಲ ಕಡೆಯಿಂದಲೂ ಎದುರಿಸಿ ಪರೀಕ್ಷಿಸಬೇಕು, ತನ್ನ ತೀರ್ಮಾನವನ್ನೂ ಸಂಶಯದಿಂದಲೇ ನೋಡಬೇಕು ಎಂದು ಅವರು ಬರೆದಿದ್ದಾರೆ.

ಶಿಡ್ಲಘಟ್ಟದ ಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ವಿದ್ಯಾರ್ಥಿಯೊಬ್ಬನ ಮನೆಯವರ ರೇಷ್ಮೆಹುಳು ಸಾಕುವ ಕೋಣೆ ಈ ಬೆಳೆ ಮುಗಿದು ಖಾಲಿಯಿದೆ. ಕಿಟಕಿ ಮುಚ್ಚಿದರೆ ಒಳ್ಳೆಯ ಕತ್ತಲೆಯಾಗುತ್ತದೆ. ಶನಿವಾರ ಮೂರು ಮೋಂಬತ್ತಿ ಮತ್ತು ಮೊಳೆಯಿಂದ ತೂತು ಮಾಡಿದ ರಟ್ಟನ್ನು ಒಯ್ದು ದೀಪದ ಪ್ರಯೋಗ ಮಾಡಿಸುತ್ತೇನೆ. ಆ ಹುಡುಗಿಯ ಕೈಯಲ್ಲೇ ಒಂದೊಂದು ಮೋಂಬತ್ತಿಗೂ ಮರೆ ಹಿಡಿಸುತ್ತೇನೆ.