ಪದಚರ್ಚೆ: ‘ಹಿರಿಯರ ಗಾಲ್ಫ್ ಋತು’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ. ಅಮೆರಿಕದ ಪಿಜಿಎ ಟೂರ್ ಚಾಂಪಿಯನ್ಸ್ ಎಂಬ ಗಾಲ್ಫ್ ಸರಣಿಯ 2023ರ ಪಂದ್ಯಾವಳಿಗಳ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ; ಪುಟ ನಾಳೆ ಅಚ್ಚಿಗೆ ಹೋಗಬೇಕು. ‘ಸೀನಿಯರ್ ಸೀಸನ್’ ಎಂಬುದಕ್ಕೆ ‘ಹಿರಿಯರ ಋತು’ ಎಂದು ಬರೆದಿದ್ದೇನೆ. ಶೀರ್ಷಿಕೆಯಲ್ಲಿ ನಿಲ್ಲುತ್ತದೆಯೇ?

ಉತ್ತರ 1
ನಿಲ್ಲುವುದಿಲ್ಲ. ‘ಋತು’ ಸಂಸ್ಕೃತ. ‘ಸುಗ್ಗಿ’ ಎನ್ನಿ. ಅಚ್ಚಗನ್ನಡದ ಪದವಿರುವಾಗ ಎರವಲು ಅನಗತ್ಯ.

ಉತ್ತರ 2
ಸುಗ್ಗಿಯೆಂದರೆ ಕೊಯ್ಲಿನ ಕಾಲ. ಈ ಸರಣಿಯಾದರೋ ಜನವರಿಯಲ್ಲಿ ಹವಾಯಿಯ ಹುವಾಲಾಲೈನಲ್ಲಿ ಆರಂಭವಾಗಿ ನವೆಂಬರಿನಲ್ಲಿ ಫೀನಿಕ್ಸ್‌ನಲ್ಲಿ ಮುಗಿಯುತ್ತದೆ. ಅಷ್ಟೂ ತಿಂಗಳ ಅಂಕಗಳನ್ನು ಕೂಡಿಸಿ ಚಾರ್ಲ್ಸ್ ಶ್ವಾಬ್ ಕಪ್ ಯಾರದೆಂದು ತೀರ್ಮಾನಿಸುತ್ತಾರೆ. ಆ ವರ್ಷ ಆರು ಪ್ರಶಸ್ತಿ ಗೆದ್ದ ಸ್ಟೀವ್ ಸ್ಟ್ರಿಕರ್ ಅದನ್ನು ಪಡೆದರು. ‘ಋತು’ ಎರಡು ತಿಂಗಳದ್ದೆಂಬುದು ಪಂಚಾಂಗದ ಲೆಕ್ಕ. ಕ್ರೀಡಾಪುಟದಲ್ಲಿ ರಣಜಿ ಸುದ್ದಿಯೊಂದಿಗೇ ಅದು ಬೇರೂರಿದೆ.

ತೊಡಕಿರುವುದು ‘ಹಿರಿಯರ’ ಎಂಬಲ್ಲಿ. ನಮ್ಮಲ್ಲಿ ಹಿರಿಯರ ತಂಡವೆಂದರೆ ಕಿರಿಯರದ್ದಲ್ಲದ, ಮುಖ್ಯ ತಂಡ. ಓದುಗರು ಹಾಗೆಯೇ ತಿಳಿಯುತ್ತಾರೆ. ಇಲ್ಲಿಯದು ವಯಸ್ಸಿನ ನಿಯಮ, ಐವತ್ತು ತುಂಬಿದವರಿಗಷ್ಟೇ ಪ್ರವೇಶ. 1980ರಲ್ಲಿ ಆರಂಭವಾದ ಈ ಟೂರ್ ಕೂಡ 2003ರಲ್ಲಿ ತನ್ನ ಹೆಸರಿನಿಂದ ‘ಸೀನಿಯರ್’ ಅನ್ನು ಕೈಬಿಟ್ಟಿತು. 2023ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಸೆಂಟ್ರಿವರ್ಲ್ಡ್ ಗಾಲ್ಫ್ ಅಂಗಳದಲ್ಲಿ 65 ವರ್ಷದ ಬರ್ನ್‌ಹಾರ್ಡ್ ಲ್ಯಾಂಗರ್, ಅದೇ ರಾಜ್ಯದವರಾದ ಸ್ಟ್ರಿಕರ್ ಅವರನ್ನು ಎರಡು ಹೊಡೆತಗಳ ಅಂತರದಿಂದ ಹಿಂದಿಕ್ಕಿ ಯುಎಸ್ ಸೀನಿಯರ್ ಓಪನ್ ಗೆದ್ದು, ಈ ಟೂರ್‌ನಲ್ಲಿ ಹೇಲ್ ಇರ್ವಿನ್ ಅವರಿಗಿದ್ದ 45 ಗೆಲುವುಗಳ ದಾಖಲೆಯನ್ನು ಮುರಿದರು. ವಯಸ್ಸು ಕಾಣದ ಶೀರ್ಷಿಕೆಯಲ್ಲಿ ಈ ಸಾಧನೆಯ ತೂಕವೇ ಕಳೆದುಹೋಗುತ್ತದೆ. ‘ಐವತ್ತು ತುಂಬಿದವರ ಗಾಲ್ಫ್: 2023ರ ಋತು’ ಎಂದು ಬರೆಯಿರಿ.

ಉತ್ತರ 3
ಬಳಕೆಯೊಂದೇ ಪ್ರಮಾಣವಾದರೆ ‘ಸೀಸನ್’ ಎಂದೇ ಬರೆಯಬಹುದಲ್ಲ! ನುಡಿಗೆ ಒಂದು ನಿಯಮ ಬೇಡವೇ? ಇಂಥ ಸಡಿಲಿಕೆಯಿಂದಲೇ ಕನ್ನಡದ ಬೇರುಗಳು ಒಣಗುತ್ತಿವೆ.

ಉತ್ತರ 4
ಖಂಡಿತ ಬರೆಯಬಹುದು. ಮಾವಿನ ಸೀಸನ್ ಎನ್ನುವ ವ್ಯಾಪಾರಿಯ ಕನ್ನಡಕ್ಕೆ ಕೊರತೆಯೇನೂ ಇಲ್ಲ. ಕಬ್ಬು ನುರಿಸುವ ‘ಹಂಗಾಮು’ ಕೂಡ ಫಾರಸಿಯಿಂದ ಬಂದದ್ದು. ಅದನ್ನು ರೈತರಿಂದ ಕಿತ್ತುಕೊಳ್ಳುವ ನಿಯಮ ನನಗೆ ಬೇಡ. ಕೇಳಿದವರಿಗೆ ಇನ್ನೊಂದು ಮಾತು: ಪಂದ್ಯಾವಳಿಯ ಹೆಸರುಗಳಲ್ಲಿರುವ ‘ಸೀನಿಯರ್’ ಅನ್ನು ಅನುವಾದಿಸದೆ ಹಾಗೆಯೇ ಉಳಿಸಿ, ಅವು ಅಂಕಿತನಾಮಗಳು.