ಗಣಿತದಲ್ಲಿ ಗಟ್ಟಿ ಎಂದು ಕಾಲೇಜಿಗೆ ತೋರಿಸುವುದು ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ಸಿಂಧನೂರು): ಸರ್, ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ ನೂರಕ್ಕೆ ನೂರು ಬಂದಿತ್ತು. ಈಗ ದ್ವಿತೀಯ ಪಿಯುಸಿ. ಎಂಜಿನಿಯರಿಂಗ್ ಬೇಡ, ಗಣಿತವನ್ನೇ ಓದಬೇಕೆಂಬ ಆಸೆ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆ, ಚೆನ್ನೈನ ಗಣಿತ ಸಂಸ್ಥೆ ಸಿಎಂಐ ಇವೆರಡಕ್ಕೂ ಅರ್ಜಿ ಹಾಕುವವಳಿದ್ದೇನೆ. ನನ್ನ ಹತ್ತಿರ ಅಂಕಪಟ್ಟಿ, ಅಬ್ಯಾಕಸ್ ಪ್ರಮಾಣಪತ್ರ, ಶಾಲೆಯಲ್ಲಿ ದುಡ್ಡು ಕಟ್ಟಿ ಬರೆದ ಒಲಿಂಪಿಯಾಡ್‌ನ ಪದಕಗಳಿವೆ. ಇಷ್ಟು ಸಾಕೇ?

ಉತ್ತರ (ನಿವೃತ್ತ ಗಣಿತ ಉಪನ್ಯಾಸಕ, ರಾಯಚೂರು): ತಂಗಿ, ಪದಕಗಳು ಮನೆಯ ಗೋಡೆಗೆ ಚೆಂದ, ಅರ್ಜಿಗೆ ಬೇಡ. ಶುಲ್ಕ ಕಟ್ಟಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಡೆಸುವ ಪರೀಕ್ಷೆಗಳವು. ಅಬ್ಯಾಕಸ್ ಕೂಡುವ ಕಳೆಯುವ ವೇಗ ಕೊಡುತ್ತದೆ, ಅಷ್ಟೇ. ನೂರಕ್ಕೆ ನೂರು ಸಂತೋಷದ ಮಾತು, ಆದರೆ ಅರ್ಜಿ ಹಾಕುವವರಲ್ಲಿ ಬಹಳ ಮಂದಿಗೆ ಅದು ಬಂದಿರುತ್ತದೆ.

ಈ ಎರಡೂ ಕಡೆ ನಿನ್ನ ಗಣಿತ ಕಾಣುವುದು ಪ್ರವೇಶ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ. ನಮ್ಮ ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಸಾಂಖ್ಯಿಕ ಸಂಸ್ಥೆಯ ಹಳೆಯ ಪತ್ರಿಕೆಗಳನ್ನು ತೆರೆದು ನೋಡು: ವಿವರಣಾತ್ಮಕ ಭಾಗದಲ್ಲಿ 8 ಪ್ರಶ್ನೆಗೆ 2 ಗಂಟೆ. ಹದಿನೈದು ನಿಮಿಷ ಒಂದೇ ಪ್ರಶ್ನೆಯ ಜೊತೆ ಕೂರಬೇಕು, ‘ಏಕೆ’ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ಅದನ್ನು ದಾಟಿದವರಿಗೆ ಸಂದರ್ಶನ.

ಒಂದು ಉದಾಹರಣೆ ಕೊಡುತ್ತೇನೆ. ಯಾವುದೇ ಪೂರ್ಣಸಂಖ್ಯೆಯ ಘನದಿಂದ ಆ ಸಂಖ್ಯೆಯನ್ನೇ ಕಳೆದರೆ ಬರುವುದು 6ರಿಂದ ಭಾಗವಾಗುತ್ತದೆ ಎಂದು ಸಾಧಿಸು. ನಮ್ಮ ಮಕ್ಕಳು ಏನು ಮಾಡುತ್ತಾರೆ? 4 ಹಾಕಿದರೆ 60, 5 ಹಾಕಿದರೆ 120, 7 ಹಾಕಿದರೆ 336, ಸರಿ ಇದೆ ಎಂದು ಮುಂದೆ ಹೋಗುತ್ತಾರೆ. ಅದು ತಾಳೆ ನೋಡಿದ್ದು, ಸಾಧಿಸಿದ್ದಲ್ಲ. ಅಪವರ್ತಿಸಿದರೆ ಅದು ಹಿಂದಿನ ಸಂಖ್ಯೆ, ಆ ಸಂಖ್ಯೆ, ಮುಂದಿನ ಸಂಖ್ಯೆ ಈ ಮೂರರ ಗುಣಲಬ್ಧ. ಸಾಲಾಗಿ ಬರುವ ಮೂರು ಸಂಖ್ಯೆಗಳಲ್ಲಿ ಒಂದು 3ರ ಅಪವರ್ತ್ಯವಾಗಿರಲೇಬೇಕು, ಒಂದಾದರೂ ಸಮಸಂಖ್ಯೆ ಇರಲೇಬೇಕು. ಮುಗಿಯಿತು.

ಇಲ್ಲಿಗೇ ನಿಲ್ಲಿಸದೆ ಮುಂದಿನ ಪ್ರಶ್ನೆಯನ್ನು ನೀನೇ ಕೇಳಿಕೋ. ಮೂರನೆಯ ಘಾತದಿಂದ ಆ ಸಂಖ್ಯೆಯನ್ನು ಕಳೆದದ್ದು 3ರಿಂದ ಭಾಗವಾಯಿತು. ನಾಲ್ಕನೆಯ ಘಾತಕ್ಕೆ 4ರಿಂದ ಆಗುತ್ತದೆಯೇ? ಐದಕ್ಕೆ? ಒಂಬತ್ತಕ್ಕೆ? ಸಂದರ್ಶನದಲ್ಲಿ ಕುಳಿತವರು ಹುಡುಕುವುದು ಈ ಗುಣವನ್ನೇ.

ಪ್ರಶ್ನೆ (ಪೋಷಕರು, ಗಂಗಾವತಿ): ಸರ್, ನನ್ನ ಮಗ ಒಂಬತ್ತನೆಯ ತರಗತಿ. ಈಗಿನಿಂದಲೇ ಕೋಚಿಂಗ್‌ಗೆ ಹಾಕಬೇಕೇ? ನಿಜವಾದ ಒಲಿಂಪಿಯಾಡ್ ಎಂದರೆ ಯಾವುದು?

ಉತ್ತರ: ಐಒಕ್ಯುಎಂ ಎಂಬ ಪರೀಕ್ಷೆ, ನಮ್ಮ ದೇಶದ ಗಣಿತ ಒಲಿಂಪಿಯಾಡ್‌ನ ಮೊದಲ ಹಂತ. ಎಂಟನೆಯ ತರಗತಿಯಿಂದ ಬರೆಯಬಹುದು. ಮೂರು ಗಂಟೆ, 30 ಪ್ರಶ್ನೆ, ಆಯ್ಕೆಗಳಿರುವುದಿಲ್ಲ, ಉತ್ತರ 0ಯಿಂದ 99ರೊಳಗಿನ ಪೂರ್ಣಸಂಖ್ಯೆ. ಅದು ದಾಟಿದರೆ ಪ್ರಾದೇಶಿಕ ಹಂತ, ಆಮೇಲೆ ರಾಷ್ಟ್ರಮಟ್ಟದ ಐಎನ್‌ಎಂಒ. ಐಎನ್‌ಎಂಒ ಪುರಸ್ಕೃತರನ್ನು ಸಾಂಖ್ಯಿಕ ಸಂಸ್ಥೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಕರೆಯುತ್ತ ಬಂದಿದೆ. ಕಾಗದದ ಮೇಲೆ ಗಣಿತದ ಬಲ ತೋರಿಸುವ ಸಾಧನ ಎಂದು ನಾನು ಒಪ್ಪುವುದು ಇದೊಂದನ್ನೇ. ಕೋಚಿಂಗ್ ಸದ್ಯಕ್ಕೆ ಬೇಡ. ಹಳೆಯ ಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ವಾರಕ್ಕೆ ಎರಡು ಲೆಕ್ಕ ಕೊಡಿ, ಉತ್ತರ ನೋಡಲು ಬಿಡಬೇಡಿ.

ಪ್ರತಿಕ್ರಿಯೆ (ಉಪನ್ಯಾಸಕಿ, ಬಳ್ಳಾರಿ): ಸರ್, ನಿಮ್ಮ ಮಾತು ಕೇಳಿ ಮಕ್ಕಳು ಸಿಇಟಿ ಬಿಟ್ಟಾರು! ಆ ಸಂಸ್ಥೆಗಳಲ್ಲಿ ಸೀಟುಗಳೇ ಕಡಿಮೆ.

ಉತ್ತರ: ಬಿಡಬಾರದು ಮೇಡಂ, ಒಪ್ಪಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆಯ ಗಣಿತವೂ ಅಲ್ಲಿ ನೇರ ಲೆಕ್ಕಕ್ಕೆ ಬರುತ್ತದೆ. ನಮ್ಮ ಭಾಗದ ಮಕ್ಕಳಿಗೆ ಸಂವಿಧಾನದ 371 (ಜೆ) ವಿಧಿಯ ಮೀಸಲಾತಿ ಇದೆ: ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8. ಉಪವಿಭಾಗಾಧಿಕಾರಿ ಕಚೇರಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ, ಕೊನೆಯ ವಾರದ ನೂಕುನುಗ್ಗಲು ಎಲ್ಲರಿಗೂ ಗೊತ್ತೇ ಇದೆ. ಆದರೆ ಸಾಂಖ್ಯಿಕ ಸಂಸ್ಥೆಯಂಥ ಕೇಂದ್ರದ ಸಂಸ್ಥೆಗಳಲ್ಲಿ 371 (ಜೆ) ನಡೆಯುವುದಿಲ್ಲ.

ವಿದ್ಯಾರ್ಥಿನಿ, ಸಿಂಧನೂರು: ಸರ್, ಮಾಡಿ ನೋಡಿದೆ. 2ರ ನಾಲ್ಕನೆಯ ಘಾತದಿಂದ 2 ಕಳೆದರೆ 14, ಅದು 4ರಿಂದ ಭಾಗವಾಗುವುದಿಲ್ಲ. ಐದು, ಏಳು ಸರಿಯಾಗಿ ಬಂದವು. ಒಂಬತ್ತಕ್ಕೆ 510 ಬಂತು, 9ರಿಂದ ಆಗುವುದಿಲ್ಲ. ಹನ್ನೊಂದಕ್ಕೆ 2046, ಅದು 11ರ 186 ಪಟ್ಟು. ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ ಹೀಗಾಗುತ್ತದೆ ಅಲ್ಲವೇ ಸರ್?

ಉತ್ತರ: ಶಹಬ್ಬಾಸ್ ತಂಗಿ! ಅವಿಭಾಜ್ಯಗಳಿಗೆ ಆಗುತ್ತದೆ ಎಂಬುದು ನಿಜ, ಅದನ್ನು ಫರ್ಮಾನ ಕಿರು ಪ್ರಮೇಯ ಎನ್ನುತ್ತಾರೆ. ‘ಮಾತ್ರ’ ಎಂಬ ಪದವನ್ನು ಮಾತ್ರ ತಡೆಹಿಡಿ. 341 ಅವಿಭಾಜ್ಯವಲ್ಲ, ಅದು 11 ಮತ್ತು 31ರ ಗುಣಲಬ್ಧ. ಆದರೂ 2ರ 341ನೆಯ ಘಾತದಿಂದ 2 ಕಳೆದರೆ 341ರಿಂದ ಭಾಗವಾಗುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಬಿಡಿಸಲು ಹೋಗಬೇಡ. 1024 ಎಂಬುದು 341ರ ಮೂರು ಪಟ್ಟಿಗಿಂತ ಒಂದು ಹೆಚ್ಚು, ಅಲ್ಲಿಂದ ಹಿಡಿ. ಸಾಧನೆಯನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ಫೋಟೊ ಹಾಕು, ಕನ್ನಡದಲ್ಲಿದ್ದರೂ ಸರಿ. ಆಮೇಲೆ 2ರ ಬದಲು 3 ಇಟ್ಟು ನೋಡು.