ಆರ್‌ನಲ್ಲಿ ಅಡಿಕೆ ಧಾರಣೆಯ ಸರಾಸರಿ 217 ಬರ್ತಿದೆ, ಎರರ್ ಏನೂ ಇಲ್ಲ

ಸಾಗರದವಳು
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ರಾಶಿ ಅನ್ನೋ ದರ್ಜೆಯ ಅಡಿಕೆಯ ದಿನದ ಧಾರಣೆ ಇಟ್ಕೊಂಡು ಕೆಲಸ ಮಾಡ್ತಿದ್ದೇನೆ. ಎಕ್ಸೆಲ್‌ನಲ್ಲಿ ಕ್ವಿಂಟಲ್ ಬೆಲೆ 48,599 ಅನ್ನೋ ಥರ ಇದೆ, ಎಲ್ಲವೂ ಐದಂಕಿಯದ್ದೇ. ಅದನ್ನ ಸಿಎಸ್‌ವಿ (ಕಾಮಾದಿಂದ ಬೇರ್ಪಟ್ಟ ಪಠ್ಯದ ಫೈಲ್) ಮಾಡಿ, ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆ ಆರ್‌ಗೆ ತಂದ್ಕೊಂಡೆ, ಸೀನಿಯರ್ ಒಬ್ಬರು ಕೊಟ್ಟ ಹಳೇ ಸ್ಕ್ರಿಪ್ಟ್‌ನಿಂದ. ಮೀನ್ (ಸರಾಸರಿ) ಕೇಳಿದ್ರೆ ಈ ಕಾಲಂ ಸಂಖ್ಯೆ ಅಲ್ಲ ಅಂದು ಎನ್‌ಎ (ಬೆಲೆ ಇಲ್ಲ ಅನ್ನೋ ಗುರುತು) ಕೊಡ್ತು. ಸಂಖ್ಯೆಗೆ ತಿರುಗಿಸೋ ಆ್ಯಸ್.ನ್ಯೂಮರಿಕ್ ಹಾಕಿದೆ, ತಕರಾರಿಲ್ಲದೆ ಓಡ್ತು. ಆದ್ರೆ ಸರಾಸರಿ 217.4, ಕನಿಷ್ಠ 1, ಗರಿಷ್ಠ 431! ವಿಚಿತ್ರ ಅಂದ್ರೆ ಗ್ರಾಫ್‌ನ ಏರಿಳಿತ ಮಾತ್ರ ಸರಿಯಾಗೇ ಕಾಣುತ್ತೆ, ರಜೆ ದಿನಗಳಲ್ಲಿ ಗೆರೆ ಪೂರ್ತಿ ಕೆಳಗೆ ಬೀಳೋದು ಬಿಟ್ರೆ. ಸ್ಕೇಲ್ ಏನಾದ್ರೂ ತಪ್ಪಿದೆಯಾ?

ಅಂಕಿಸಂಖ್ಯೆ_ಮೇಷ್ಟ್ರು
ಸ್ಕೇಲ್ ಅಲ್ಲ, ಅದು ಬೆಲೆಯೇ ಅಲ್ಲ. ಕೋಡ್ ಇಲ್ಲಿ ಕನ್ನಡದಲ್ಲೇ ಬರೀತೀನಿ, ಟೈಪ್ ಮಾಡುವಾಗ ಇಂಗ್ಲಿಷಲ್ಲಿ ಹಾಕ್ಕೊಳ್ಳಿ. ಮೊದಲು ಡೇಟಾದ ರಚನೆ ತೋರಿಸೋ ಎಸ್‌ಟಿಆರ್ ಫಂಕ್ಷನ್‌ಗೆ ನಿಮ್ಮ ಡೇಟಾ ಕೊಟ್ಟು, ಬೆಲೆ ಕಾಲಂ ಮುಂದೆ ಏನಿದೆ ಅಂತ ಹೇಳಿ. ಫ್ಯಾಕ್ಟರ್ ಅಂತ ಇರಬೇಕು, ಪಕ್ಕದಲ್ಲಿ 431 ಲೆವೆಲ್ಸ್ ಅಂತಲೂ ಇರಬೇಕು.

ಸಾಗರದವಳು
ಹೌದು ಸರ್! 431 ಲೆವೆಲ್ಸ್. ನೋಡದೇ ಹೇಗೆ ಹೇಳಿದ್ರಿ?

ಅಂಕಿಸಂಖ್ಯೆ_ಮೇಷ್ಟ್ರು
ನಿಮ್ಮ ಗರಿಷ್ಠವೇ ಹೇಳ್ತು. 48,599ರ ನಡುವೆ ಕಾಮಾ ಇರೋದ್ರಿಂದ ಆರ್ ಅದನ್ನ ಸಂಖ್ಯೆ ಅಂತ ಒಪ್ಪಲ್ಲ, ಅಕ್ಷರ ಅಂತ ತಗೊಳ್ಳುತ್ತೆ. ಆ ಹಳೇ ಸ್ಕ್ರಿಪ್ಟ್‌ನ ರೀಡ್.ಸಿಎಸ್‌ವಿ ಸಾಲಲ್ಲಿ ಸ್ಟ್ರಿಂಗ್ಸ್‌ಆ್ಯಸ್‌ಫ್ಯಾಕ್ಟರ್ಸ್ ಟ್ರೂ (ಅಕ್ಷರಗಳನ್ನ ಫ್ಯಾಕ್ಟರ್ ಮಾಡು) ಅಂತ ಇರುತ್ತೆ ನೋಡಿ. 2020ರ ಏಪ್ರಿಲ್‌ನಲ್ಲಿ ಬಂದ ಆರ್ 4.0.0ಗೆ ಮುಂಚೆ ಅದನ್ನ ಬರೆಯದಿದ್ರೂ ಟ್ರೂ ಅಂತಲೇ ಅರ್ಥ, ಆಮೇಲೆ ಫಾಲ್ಸ್ ಮಾಡಿದ್ರು. ಹೀಗಾಗಿ ಅಕ್ಷರದ ಕಾಲಂ ಫ್ಯಾಕ್ಟರ್ ಆಯ್ತು. ಅಂದ್ರೆ ಬೇರೆ ಬೇರೆ ಬೆಲೆಗಳನ್ನೆಲ್ಲ ಒಂದು ಪಟ್ಟಿ ಮಾಡಿ (ಅದರ ಒಂದೊಂದು ನಮೂದೇ ಒಂದು ಲೆವೆಲ್), ಪ್ರತಿ ಸಾಲಿನಲ್ಲಿ ಪಟ್ಟಿಯ ಕ್ರಮಸಂಖ್ಯೆ ಮಾತ್ರ ಇಟ್ಟುಕೊಂಡಿದೆ. ಆ್ಯಸ್.ನ್ಯೂಮರಿಕ್ ನಿಮಗೆ ಕೊಟ್ಟಿದ್ದು ಆ ಕ್ರಮಸಂಖ್ಯೆಯನ್ನ.

ಗ್ರಾಫ್ ಸರಿ ಕಂಡಿದ್ದೇ ಇಲ್ಲಿ ಅಪಾಯ. ಪಟ್ಟಿ ಅಕಾರಾದಿಯಾಗಿ ಜೋಡಣೆ ಆಗುತ್ತೆ. ನಿಮ್ಮ ಬೆಲೆಗಳೆಲ್ಲ ಐದಂಕಿ, ಕಾಮಾ ಕೂಡ ಒಂದೇ ಜಾಗದಲ್ಲಿ. ಹಾಗಾಗಿ ಅಕಾರಾದಿಗೂ ಬೆಲೆಯ ಏರಿಕೆ ಕ್ರಮಕ್ಕೂ ವ್ಯತ್ಯಾಸವೇ ಬರಲ್ಲ. ಒಂದೇ ಒಂದು ದಿನ 9,800 ಅಂತ ಇದ್ದಿದ್ರೆ ಮೊದಲ ಅಂಕಿ 9, 4ಕ್ಕಿಂತ ದೊಡ್ಡದಾದ್ದರಿಂದ ಅದು 48,599ಕ್ಕಿಂತ ಮೇಲೆ ಹೋಗಿ ಕೂತು, ನಿಮಗೆ ಆಗಲೇ ಅನುಮಾನ ಬಂದಿರೋದು. ರಜೆ ದಿನ ಬೆಲೆ ಜಾಗದಲ್ಲಿ ಅಡ್ಡಗೆರೆ ಹಾಕಿದ್ದಾರೆ ಅನ್ಸುತ್ತೆ. ಅಡ್ಡಗೆರೆ ಅಂಕಿಗಿಂತ ಮೊದಲು ಬರೋದ್ರಿಂದ ಅದಕ್ಕೆ 1ನೇ ನಂಬರ್. ಈ ಕಾಲಂ ಇಟ್ಕೊಂಡು ರಿಗ್ರೆಶನ್ (ಒಂದು ಇನ್ನೊಂದರ ಜೊತೆ ಹೇಗೆ ಬದಲಾಗುತ್ತೆ ಅನ್ನೋ ಲೆಕ್ಕ) ಮಾಡಿದ್ರೆ, ಫಲಿತಾಂಶ ಎಷ್ಟು ನಂಬಬಹುದು ಅಂತ ನೋಡೋ ಪಿ-ವ್ಯಾಲ್ಯೂ ಕೂಡ ಚೆನ್ನಾಗೇ ಬಂದುಬಿಡಬಹುದು, ಗೈಡ್‌ಗೂ ಗೊತ್ತಾಗಲ್ಲ.

ಪರಿಹಾರ: ಅಕ್ಷರ ಬದಲಿಸೋ ಜಿಸಬ್ ಫಂಕ್ಷನ್‌ನಲ್ಲಿ ಕಾಮಾ ತೆಗೆದು ಖಾಲಿ ಹಾಕಿ, ಅದರ ಫಲಿತಾಂಶವನ್ನ ಆ್ಯಸ್.ನ್ಯೂಮರಿಕ್‌ಗೆ ಕೊಡಿ. ಫ್ಯಾಕ್ಟರ್ ಕೊಟ್ರೂ ಜಿಸಬ್ ತಾನೇ ಅದನ್ನ ಅಕ್ಷರಕ್ಕೆ ತಿರುಗಿಸಿಕೊಳ್ಳುತ್ತೆ. ಎನ್‌ಎ ಆಯ್ತು ಅಂತ ವಾರ್ನಿಂಗ್ ಬರುತ್ತೆ, ಬರಲಿ. ಆದ್ರೆ ಯಾವ್ಯಾವುದು ಎನ್‌ಎ ಆಯ್ತು ಅಂತ ಮೂಲ ಕಾಲಂನಲ್ಲಿ ನೋಡಿಯೇ ಮುಂದೆ ಹೋಗಿ. ಮೀನ್‌ಗೆ ಎನ್‌ಎ.ಆರ್‌ಎಂ ಟ್ರೂ (ಎನ್‌ಎ ಬಿಟ್ಟು ಲೆಕ್ಕ ಮಾಡು) ಹಾಕೋದು ಅದಾದ ಮೇಲೆ.

ಧಾರವಾಡ_ಪೇಡಾ
ಇಷ್ಟೆಲ್ಲಾ ಯಾಕ್ರಿ ಸರ್? ರೀಡ್‌ಆರ್ ಪ್ಯಾಕೇಜಿನಾಗ ಪಾರ್ಸ್‌_ನಂಬರ್ ಐತಲ್ಲ, ಕಾಮಾ, ರೂಪಾಯಿ ಚಿಹ್ನೆ ಎಲ್ಲಾ ತಾನ ತಗೀತದ. 1,25,000 ಅಂತ ನಮ್ಮ ಲಕ್ಷದ ಲೆಕ್ಕದಾಗ ಬರದ್ರೂ ನಡೀತದ.

ಅಂಕಿಸಂಖ್ಯೆ_ಮೇಷ್ಟ್ರು
ನಡೆಯುತ್ತೆ, ಆದ್ರೆ ಅದು ಸ್ವಲ್ಪ ಅತಿ ಉದಾರಿ. ಯಾರಾದ್ರೂ ಒಂದು ಸಾಲಲ್ಲಿ 46,000-52,000 ಅಂತ ಕನಿಷ್ಠ-ಗರಿಷ್ಠ ಎರಡೂ ಬರೆದಿದ್ರೆ, ಮೊದಲ ಸಂಖ್ಯೆ ಎತ್ತಿಕೊಂಡು ಮಿಕ್ಕಿದ್ದನ್ನ ಬಿಟ್ಟುಬಿಡುತ್ತೆ, ತುಟಿ ಪಿಟಕ್ ಅನ್ನಲ್ಲ. ಜಿಸಬ್ ದಾರಿಯಲ್ಲಿ ಅಂಥ ಸಾಲು ಎನ್‌ಎ ಆಗಿ ಎದುರಿಗೆ ನಿಲ್ಲುತ್ತೆ. ಮಾರುಕಟ್ಟೆ ಡೇಟಾಗೆ ನನಗೆ ಅದೇ ವಾಸಿ.

ಧಾರವಾಡ_ಪೇಡಾ
ಅದು ಖರೇ ಬಿಡ್ರಿ.

ಸಾಗರದವಳು
ಈಗ ಸರಾಸರಿ 49 ಸಾವಿರದ ಹತ್ತಿರ ಬಂತು. ಎನ್‌ಎ ಆದವೆಲ್ಲ ಅಡ್ಡಗೆರೆಯ ಸಾಲುಗಳೇ. ಅಲ್ಲಿ ಸೊನ್ನೆ ತುಂಬ್ಲಾ? ಇನ್ನೊಂದು, ದಿನಾಂಕ 05-03-2024 ಇರೋದನ್ನ ಆ್ಯಸ್.ಡೇಟ್‌ಗೆ ಕೊಟ್ರೆ 0005-03-20 ಅಂತಿದೆ. ಬೇರೆ ಸಾಲು ನೋಡಿದ್ರೂ ಎಲ್ಲಾ 20ನೇ ತಾರೀಖೇ!

ಅಂಕಿಸಂಖ್ಯೆ_ಮೇಷ್ಟ್ರು
ಸೊನ್ನೆ ಬೇಡವೇ ಬೇಡ. ವ್ಯಾಪಾರ ಆಗದ ದಿನ ಅಡಿಕೆ ಪುಕ್ಕಟೆ ಸಿಗಲಿಲ್ಲವಲ್ಲ, ಎನ್‌ಎ ಆಗಿಯೇ ಇರಲಿ.

ದಿನಾಂಕದ್ದು ಇಷ್ಟೇ. ಏನೂ ಹೇಳದಿದ್ರೆ ಆರ್ ಇಸವಿ-ತಿಂಗಳು-ದಿನ ಅಂತ ಓದುತ್ತೆ. ನಿಮ್ಮ 05 ಇಸವಿ ಆಯ್ತು, 03 ತಿಂಗಳು, 2024ರ ಮೊದಲೆರಡು ಅಂಕಿ ದಿನ ಆಯ್ತು, ಉಳಿದ 24 ಬಿಟ್ಟುಹೋಯ್ತು. ಅದಕ್ಕೇ ಎಲ್ಲವೂ 20ನೇ ತಾರೀಖು. ಫಾರ್ಮ್ಯಾಟ್‌ನಲ್ಲಿ ಪರ್ಸೆಂಟ್ ಡಿ, ಹೈಫನ್, ಪರ್ಸೆಂಟ್ ಎಂ, ಹೈಫನ್, ಪರ್ಸೆಂಟ್ ವೈ ಕೊಡಿ. ಡಿ, ಎಂ ಸಣ್ಣಕ್ಷರ, ವೈ ಮಾತ್ರ ದೊಡ್ಡಕ್ಷರ. ಸಣ್ಣ ವೈ ಹಾಕಿದ್ರೆ 2024ರಲ್ಲಿ 20 ಮಾತ್ರ ಓದಿ ಎಲ್ಲಾ ವರ್ಷವನ್ನೂ 2020 ಮಾಡಿಬಿಡುತ್ತೆ, ಆಗಲೂ ಎರರ್ ಬರಲ್ಲ.

ಕೋಡು_ಬಳೆ
ನಡುವೆ ಬಾಯಿ ಹಾಕ್ತೀನಿ. ಎಕ್ಸೆಲ್‌ನಲ್ಲೇ ಆ ಕಾಲಂನ ಫಾರ್ಮ್ಯಾಟ್ ಜನರಲ್ ಮಾಡಿ ಸಿಎಸ್‌ವಿ ಸೇವ್ ಮಾಡಿದ್ರೆ ಕಾಮಾ ಬರೋದೇ ಇಲ್ಲವಲ್ಲ?

ಅಂಕಿಸಂಖ್ಯೆ_ಮೇಷ್ಟ್ರು
ಬರಲ್ಲ, ಅದು ನಿಜವಾಗಿ ಸಂಖ್ಯೆಯ ಸೆಲ್ ಆಗಿದ್ರೆ. ಆದ್ರೆ ಮುಂದಿನ ತಿಂಗಳ ಫೈಲ್‌ಗೂ ಅದೇ ಕೈಕೆಲಸ ನೆನಪಿಟ್ಟು ಮಾಡಬೇಕು. ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬರೆದಿಟ್ರೆ ಅದೇ ನೋಡಿಕೊಳ್ಳುತ್ತೆ.

ಸಾಗರದವಳು
ದಿನಾಂಕವೂ ಸರಿಹೋಯ್ತು ಸರ್, ತುಂಬಾ ಥ್ಯಾಂಕ್ಸ್. ಕೊನೇದಾಗಿ, ಗ್ರಾಫ್ ಬಿಡಿಸೋ ಜಿಜಿಪ್ಲಾಟ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿ ಕೊಟ್ರೆ ಬರೀ ಚೌಕಗಳು. ಎಲ್ಲೋ ನೋಡಿ ಶೋಟೆಕ್ಸ್ಟ್ ಪ್ಯಾಕೇಜ್ ಹಾಕಿದೆ, ಅಕ್ಷರ ಬಂತು, ಆದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಕೂತಿದೆ.

ಕೋಡು_ಬಳೆ
ಇದು ನನ್ನ ಏರಿಯಾ. ಶೋಟೆಕ್ಸ್ಟ್ ಫಾಂಟ್‌ನ ಅಕ್ಷರಗಳನ್ನ ಒಂದೊಂದಾಗಿ ಬಿಡಿಸುತ್ತೆ ಅಷ್ಟೇ, ಒತ್ತು ಕೂಡಿಸೋ ಕೆಲಸ ಅದಕ್ಕೆ ಬರಲ್ಲ. ತೆಗೆದುಹಾಕಿ. ರ‍್ಯಾಗ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ಸಿಸ್ಟಂನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಇರಲಿ, ಥೀಮ್‌ನಲ್ಲಿ ಆ ಫಾಂಟ್ ಹೆಸರು ಕೊಡಿ. ರ‍್ಯಾಗ್ ಒಳಗೆ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಇದೆ, ಒತ್ತು, ಗುಣಿತ ಎಲ್ಲ ಸರಿಯಾದ ಜಾಗಕ್ಕೆ ಬರುತ್ತೆ. ಆರ್ ಬರೆಯೋ ತಂತ್ರಾಂಶ ಆರ್‌ಸ್ಟುಡಿಯೋದ ಗ್ಲೋಬಲ್ ಆಪ್ಷನ್ಸ್‌ನಲ್ಲಿ ಗ್ರಾಫಿಕ್ಸ್ ಬ್ಯಾಕೆಂಡ್ (ಪರದೆ ಮೇಲೆ ಚಿತ್ರ ಬಿಡಿಸೋ ಭಾಗ) ಎಜಿಜಿ ಮಾಡ್ಕೊಳ್ಳಿ, ಇಲ್ಲದಿದ್ರೆ ಸೇವ್ ಮಾಡಿದ ಚಿತ್ರ ಸರಿ ಇದ್ದೂ ಪರದೆ ಮೇಲೆ ಚೌಕವೇ ಕಾಣಬಹುದು.

ವಿಂಡೋಸ್ ಆದ್ರೆ ಆರ್ 4.2 ಅಥವಾ ಹೊಸದು ಇದೆಯಾ ನೋಡಿ. ಅದಕ್ಕಿಂತ ಹಳೇದ್ರಲ್ಲಿ ಕನ್ನಡ ಕಾಲಂ ಹೆಸರುಗಳೇ ಯು ಪ್ಲಸ್ 0ಸಿ95 (‘ಕ’ ಅಕ್ಷರದ ಯುನಿಕೋಡ್ ಸಂಖ್ಯೆ) ಅಂತ ಸಂಕೇತಗಳಾಗಿ ಕಾಣಿಸ್ತವೆ. ಅಲ್ಲಿ ಫಾಂಟ್ ಬದಲಿಸಿ ಉಪಯೋಗ ಇಲ್ಲ, ಆರ್ ಅನ್ನೇ ಅಪ್‌ಡೇಟ್ ಮಾಡಬೇಕು.

ಸಾಗರದವಳು
ನಂದು 4.1. ಅಪ್‌ಡೇಟ್‌ಗೆ ಹಾಕಿದ್ದೇನೆ.